ನೂಲಿನಲ್ಲಿ ಅಳೆದ ಮಸ್ಕತ್

ನನಗೆ ಕಿಲೋಮೀಟರು ಅರ್ಥವಾಗುವುದಿಲ್ಲ. ಕಾನ್ವೆಂಟಿನಲ್ಲಿ ಭೂಗೋಳಕ್ಕೆ ಒಳ್ಳೆಯ ಅಂಕ ಬರುತ್ತಿತ್ತು ಎಂಬುದು ನಿಜ. ಆದರೆ ಮದುವೆಯಾಗಿ ಮುಂಬಯಿ ಹೊರವಲಯದ ಡೊಂಬಿವಲಿಗೆ ಬಂದ ಮೇಲೆ ಅದೆಲ್ಲ ಲೋಕಲ್ ರೈಲಿನಲ್ಲಿ ಉದುರಿಹೋಯಿತು. ನಮ್ಮಲ್ಲಿ ಠಾಣೆ ಎಷ್ಟು ದೂರ ಎಂದು ಕೇಳಿದರೆ, ಫಾಸ್ಟ್ ಗಾಡಿಯೋ ಸ್ಲೋ ಗಾಡಿಯೋ ಎಂದು ಮರುಪ್ರಶ್ನೆ ಬರುತ್ತದೆ. ಟಿಟ್ವಾಳಾದ ಗಣಪತಿ ಕೂಡ ಸೀಟು ಸಿಕ್ಕಿದರೆ ಹತ್ತಿರ, ಸಿಗದಿದ್ದರೆ ದೂರ.

ತೊಂಬತ್ತರ ದಶಕದ ಮಾತು. ನಾದಿನಿ ಶೈಲಾಗೆ ಮಸ್ಕತ್ತಿನಿಂದ ಒಂದು ಸಂಬಂಧ ಬಂತು. ಹುಡುಗ ನಮ್ಮ ಉಡುಪಿ ಕಡೆಯವನೇ, ಅಲ್ಲಿ ಯಾವುದೋ ಕಂಪನಿಯಲ್ಲಿ ಕೆಲಸ. ಅವನು ಒಪ್ಪಿದ, ಶೈಲಾಳೂ ಒಪ್ಪಿದಳು, ಒಪ್ಪದವರು ಅತ್ತೆ. ಮಾವ ತೀರಿಕೊಂಡ ಮೇಲೆ ಮಗಳನ್ನು ಕಣ್ಣೆದುರಿನಲ್ಲೇ ಇಟ್ಟುಕೊಂಡು ಬೆಳೆಸಿದವರು. ಪಕ್ಕದೂರು ಕಲ್ಯಾಣಕ್ಕೆ ಬೇಕಾದರೆ ಕೊಟ್ಟೇನು, ಸಮುದ್ರದಾಚೆಗೆ ಕೊಡಲಾರೆ ಎಂದುಬಿಟ್ಟರು. ಶೈಲಾ ವಾದಿಸಲಿಲ್ಲ. ಸಾರು ಹಾಕಿಕೊಳ್ಳುವುದನ್ನೇ ಮರೆತು ಬರೀ ಅನ್ನ ಉಣ್ಣತೊಡಗಿದಳು. ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ನಾನು ಅತ್ತೆಯ ಮುಂದೆ ಹಳೆಯ ಅಟ್ಲಾಸ್ ತೆಗೆದೆ. ಸೀರೆಗೆ ಫಾಲ್ ಹಚ್ಚುತ್ತಿದ್ದ ನೂಲನ್ನೇ ಮುಂಬಯಿಯಿಂದ ಮಸ್ಕತ್ತಿಗೆ ಎಳೆದು, ಆಮೇಲೆ ಕಲಕತ್ತೆಗೆ ತಿರುಗಿಸಿದೆ. ಮಸ್ಕತ್ತೇ ಒಂದು ಚೂರು ಹತ್ತಿರ. ಅಷ್ಟಕ್ಕೆ ನಿಲ್ಲಿಸಬೇಕಿತ್ತು, ಆದರೆ ಕಲಿತದ್ದು ಸುಮ್ಮನಿರಲು ಬಿಡುವುದಿಲ್ಲವಲ್ಲ. ಭೂಮಿ ಗುಂಡಗಿದೆ, ಆದ್ದರಿಂದ ಭೂಪಟದ ನೇರಗೆರೆ ನಿಜವಾದ ಹತ್ತಿರದ ದಾರಿಯಲ್ಲ, ವಿಮಾನ ತುಸು ಬಾಗಿಯೇ ಹೋಗುತ್ತದೆ ಎಂದು ಸಿಸ್ಟರ್ ಕಿತ್ತಳೆಯ ಮೇಲೆ ತೋರಿಸಿದ್ದನ್ನೆಲ್ಲ ವಿವರಿಸಿದೆ.

"ಹೋಗುವುದು ಹೇಗಾದರೂ ಹೋಗಲಿ ಮಾರಾಯ್ತಿ," ಎಂದರು ಅತ್ತೆ. "ಅವಳಿಗೆ ಬರಬೇಕು ಅಂತ ಅನಿಸಿದರೆ?"

ನಾನು ನೂಲನ್ನು ಮತ್ತೆ ರೀಲಿಗೆ ಸುತ್ತಿಟ್ಟೆ.

ಹುಡುಗ ರಜೆಯಲ್ಲಿ ಮನೆಗೆ ಬಂದಾಗ, ವಿಮಾನದಲ್ಲಿ ಮೂರು ಗಂಟೆಯೂ ಇಲ್ಲ ಎಂದು ಅವನೂ ಸಮಾಧಾನ ಹೇಳತೊಡಗಿದ. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಒಂದೇ ಮಾತು ಕೇಳಿದರು.

"ಇವಳ ಪಾಸ್‌ಪೋರ್ಟ್ ಯಾರ ಹತ್ತಿರ ಇರ್ತದೆ?"

ಹುಡುಗ ಹೇಳಿದ, "ನನ್ನದು ಕಂಪನಿಯಲ್ಲಿ ಉಂಟಮ್ಮ. ಅವಳದ್ದು ಅವಳ ಹತ್ತಿರವೇ."

ಅತ್ತೆ ಒಳಗೆ ಹೋಗಿ ಕಾಫಿಗೆ ಇಟ್ಟರು. ಶೈಲಾ ಅಂದು ರಾತ್ರಿ ಎರಡು ಸಲ ಸಾರು ಬಡಿಸಿಕೊಂಡಳು.

ಮದುವೆಯಾಗಿ, ಗಂಡನ ಜೊತೆ ಅವಳು ಹೊರಟಿದ್ದು ಒಂದು ಭಾನುವಾರ. ವಿಮಾನ ಏಳುವ ತನಕ ಅತ್ತೆ ವಿಮಾನ ನಿಲ್ದಾಣದಿಂದ ಕದಲಲಿಲ್ಲ. ಯಾವುದು ಅವಳ ವಿಮಾನ ಎಂದು ಹೊರಗಿನಿಂದ ತಿಳಿಯುವುದೆಲ್ಲಿ? ಎದ್ದ ವಿಮಾನಕ್ಕೆಲ್ಲ ಕೈಮುಗಿದರು.

ಆಮೇಲೆ ಶುರುವಾಯಿತು ನಮ್ಮ ಪ್ರಯಾಣ. ಘಾಟ್ಕೋಪರಿನವರೆಗೆ ರಿಕ್ಷಾ. ಅಲ್ಲಿ ಭಾನುವಾರದ ಮೆಗಾಬ್ಲಾಕ್. ಹಳಿ ರಿಪೇರಿಯೆಂದು ಅರ್ಧಕ್ಕರ್ಧ ಗಾಡಿಗಳಿಲ್ಲ. ಬಂದವುಗಳಲ್ಲಿ ಕಾಲಿಡಲಾಗದಷ್ಟು ಗರ್ದಿ. ಮೂರು ಗಾಡಿ ಬಿಟ್ಟು ನಾಲ್ಕನೆಯದರಲ್ಲಿ ಅತ್ತೆಯನ್ನು ಒಳಗೆ ನೂಕಿ ನಾನೂ ತೂರಿಕೊಂಡೆ. ಅದು ಮುಂದೆ ಮುಂಬ್ರಾದ ಬಳಿ ಸುಮ್ಮನೆ ನಿಂತು ಯೋಚನೆಗೆ ಬಿದ್ದಿತು.

ಅಂತೂ ಮನೆಯ ಮೆಟ್ಟಿಲು ಹತ್ತುವಾಗ ನಾವು ವಹಿನಿ, ಎಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲಲ್ಲೇ ನಿಂತಿದ್ದರು. ಫೋನಿದ್ದದ್ದು ಅವರಲ್ಲಿ ಮಾತ್ರ. ಶೈಲಾ ಆಗಲೇ ಮಸ್ಕತ್ತಿನಿಂದ ಒಂದು ಸಲ ಮಾಡಿದ್ದಳಂತೆ. ಅಷ್ಟರಲ್ಲಿ ಮತ್ತೆ ರಿಂಗಾಯಿತು. ಅತ್ತೆ ಚಪ್ಪಲಿಯಲ್ಲೇ ಒಳಗೆ ಓಡಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಅಮ್ಮಾ, ಮನೆ ಮುಟ್ಟಿದಿರಾ? ನನಗೆ ಇಲ್ಲಿ ಕೂತು ತಲೆ ಕೆಟ್ಟುಹೋಯಿತು."

"ಮುಟ್ಟಿದೆವು ಮಗಾ. ನಮ್ಮ ಚಿಂತೆ ಮಾಡಬೇಡ," ಎಂದರು ಅತ್ತೆ.

ರಿಸೀವರ್ ಇಟ್ಟ ಮೇಲೂ ಅದರ ಮೇಲಿನ ಕೈ ಹಾಗೇ ಇತ್ತು. ಮಸ್ಕತ್ ಬಹಳ ದೂರವೇ ಎಂದು ವಹಿನಿ ಮೆಲ್ಲಗೆ ಕೇಳಿದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ತಮಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ಹೇಳಿದರು: "ದೂರ ಏನಿಲ್ಲ ವಹಿನಿ. ಘಾಟ್ಕೋಪರಿನಲ್ಲಿ ಸ್ವಲ್ಪ ಗರ್ದಿ, ಅಷ್ಟೇ."