ನಾಯಿಯ ಬದಲಿಗೆ ಹೋದವರು

ನನ್ನ ಗುರುಗಳ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಯಿಯೊಂದು ಕಚ್ಚಿದ ಗುರುತು ಅದು. ಯಾರೇ ಹೊಸ ವಿದ್ಯಾರ್ಥಿ ಬಂದರೂ ಆ ಬೆರಳನ್ನು ಮುಂದೆ ಹಿಡಿದು, "ನಾಯಿಗೆ ಮತ್ತೇರದೆ ಅಂತ ನಾನು ಅಂದ್ಕೊಂಡಿದ್ದೆ. ನಾಯಿ ಹಂಗೆ ಅಂದ್ಕೊಂಡಿರ್ಲಿಲ್ಲ" ಎನ್ನುತ್ತಿದ್ದರು. ಅರಿವಳಿಕೆಯ ಬಗ್ಗೆ ಅವರ ಮೊದಲ ಪಾಠ ಅಷ್ಟೇ.

ಹೊಸೂರಿನ ಹೊರಗೆ, ಕಾರ್ಖಾನೆಯ ಬಸ್ಸುಗಳು ತಿರುಗಿಕೊಳ್ಳುವ ರಸ್ತೆಯಲ್ಲಿ ಅವರ ಪಶು ಆಸ್ಪತ್ರೆ ಇತ್ತು. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ನಾನು ಅಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದೆ. ಮರಿಯಾಗದಂತೆ ಆಪರೇಷನ್ ಮಾಡಿಸಲು ಬರುವ ಹೆಣ್ಣುನಾಯಿಗಳಿಗೆ ಎರಡು ಬಗೆಯ ಅರಿವಳಿಕೆ ಕೊಟ್ಟು, ಯಾವುದರಲ್ಲಿ ಅವು ಹೇಗೆ ಮಲಗುತ್ತವೆ, ಹೇಗೆ ಏಳುತ್ತವೆ ಎಂದು ಹೋಲಿಸುವುದು ನನ್ನ ವಿಷಯ. ಒಂದು, ಎಲ್ಲ ಕಡೆ ಬಳಕೆಯಲ್ಲಿರುವ ಹಳೆಯ ಮದ್ದು. ಅದನ್ನು ತೊಡೆಗೆ ಚುಚ್ಚುತ್ತಾರೆ. ಅಗ್ಗದ್ದು, ಆದರೆ ನಾಯಿ ಎದ್ದ ಮೇಲೂ ಬಹಳ ಹೊತ್ತು ತೂರಾಡುತ್ತದೆ. ಇನ್ನೊಂದು ನೋಡಲು ಥೇಟ್ ಹಾಲು. ಮುಂಗಾಲಿನ ನರಕ್ಕೆ ಕೊಡುವುದು. ಅದರಲ್ಲಿ ನಾಯಿ ಬೇಗ ಏಳುತ್ತದೆ, ಬೇಗ ಮನೆಗೂ ಹೋಗುತ್ತದೆ. ಆದರೆ ಮಲಗಿರುವಾಗ ಉಸಿರು ತಟ್ಟನೆ ನಿಂತುಬಿಡಬಹುದಾದ್ದರಿಂದ ಪಕ್ಕದಲ್ಲಿ ಕಣ್ಣು ಮಿಟುಕಿಸದೆ ಕೂರಬೇಕು. ದುಬಾರಿಯಾದ ಆ ಮದ್ದನ್ನು ನನ್ನ ಅಧ್ಯಯನಕ್ಕೆಂದೇ ತರಿಸಿದ್ದರು. ಉಳಿದ ನಾಯಿಗಳಿಗೆಲ್ಲ ಹಳೆಯದೇ.

ಯಾವ ನಾಯಿಗೆ ಯಾವ ಮದ್ದು ಎಂದು ನಾವು ಆರಿಸುವಂತಿರಲಿಲ್ಲ. ಸ್ಟೀಲ್ ಡಬ್ಬಿಯೊಂದರಲ್ಲಿ ಮಡಿಚಿದ ಚೀಟಿಗಳಿದ್ದವು. ಒಂದನ್ನು ಎತ್ತಬೇಕು, ಬಂದದ್ದು ಬಂತು.

"ಚುರುಕು ನಾಯಿಗೆಲ್ಲ ಹೊಸ ಮದ್ದು, ಸೊರಗಿದ ನಾಯಿಗೆಲ್ಲ ಹಳೇ ಮದ್ದು ಕೊಟ್ಟು, ಹೊಸದೇ ಒಳ್ಳೇದು ಅಂತ ಬರೆದ್ರೆ ಅದು ಪ್ರಬಂಧ ಅಲ್ಲ ಕಣಮ್ಮಾ, ಜಾಹೀರಾತು" ಎನ್ನುತ್ತಿದ್ದರು ಗುರುಗಳು.

ಮತ್ತೇರಿದ ನಾಯಿಯನ್ನು ಅವರು "ಊರಿಗೆ ಹೋಗಿದೆ" ಎನ್ನುತ್ತಿದ್ದರು. ಕಾಲ್ಬೆರಳುಗಳ ನಡುವೆ ಚಿವುಟಿ ನೋಡಿ, ಕಾಲು ಸ್ವಲ್ಪ ಎಳೆದುಕೊಂಡರೆ, "ಇನ್ನೂ ಬಸ್‌ಸ್ಟ್ಯಾಂಡಲ್ಲೇ ಅದೆ, ತಡಿ" ಎಂದು ನನ್ನ ಕೈ ತಡೆಯುತ್ತಿದ್ದರು. ಆಪರೇಷನ್ ಮುಗಿದ ಮೇಲೆ ಗೋಣಿಚೀಲ ಹಾಸಿ ನಾಯಿಯ ಪಕ್ಕ ನೆಲದಲ್ಲೇ ಕೂರುವುದು, ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುವುದು. ನಾಯಿ ತಲೆಯೆತ್ತುವವರೆಗೆ ಏಳುತ್ತಿರಲಿಲ್ಲ. ನಾಯಿ ತಂದವರನ್ನು ಮೊದಲೇ, "ಇದಕ್ಕೆ ಯಾವ ಭಾಷೆ?" ಎಂದು ಕೇಳಿಕೊಂಡಿರುತ್ತಿದ್ದರು. ತಮಿಳು ನಾಯಿಯನ್ನು ತಮಿಳಿನಲ್ಲಿ, ತೆಲುಗು ನಾಯಿಯನ್ನು ತೆಲುಗಿನಲ್ಲಿ ಕರೆದು ಎಬ್ಬಿಸುವುದು ಅವರ ಕ್ರಮ. ನನಗೆ ತೆಲುಗು ಬಾರದಿರುವುದು ನನ್ನ ಪ್ರಬಂಧದ ದೊಡ್ಡ ಕೊರತೆ ಎಂದು ಸಂದರ್ಶಕರ ಮುಂದೆ ಗಂಭೀರವಾಗಿ ಹೇಳುತ್ತಿದ್ದರು.

ರಾಗಿ ತೆನೆ ಬಲಿತಿದ್ದ ಕಾಲದಲ್ಲಿ ಡೆಂಕಣಿಕೋಟೆಯ ಕಡೆಯಿಂದ ಒಬ್ಬ ರೈತ ಹೆಂಗಸು, ಟೊಮ್ಯಾಟೊ ತರುವ ಟೆಂಪೋದಲ್ಲಿ ಕಂದು ನಾಯಿಯೊಂದನ್ನು ಕೂರಿಸಿಕೊಂಡು ಬಂದರು. ಎರಡು ಮದ್ದುಗಳ ವ್ಯತ್ಯಾಸವನ್ನು ನಾನು ವಿವರಿಸಿದೆ. ಅಧ್ಯಯನಕ್ಕೆ ಒಪ್ಪಿದರು. ಚೀಟಿ ಎತ್ತಿದೆ. ಹಳೆಯ ಮದ್ದು ಬಂತು.

"ಅಂದ್ರೆ ಇವತ್ತು ರಾತ್ರಿ ಇದು ಬೊಗಳಾಕಿಲ್ವಾ?" ಎಂದು ಆಕೆ ಕೇಳಿದರು.

"ಮಂಪರು ಇರುತ್ತೆ. ಈ ರಾತ್ರಿ ಇಲ್ಲೇ ಇರಲಿ, ನಾನು ನೋಡ್ಕೊತೀನಿ" ಎಂದೆ.

"ಅಯ್ಯೋ, ಆಗಾಕಿಲ್ಲ ಕಣವ್ವಾ! ಆನೆ ಕಾಡಂಚಿಗೆ ಬಂದವೆ. ನಮ್ ಕಣ್ಣಿಗೆ ಕಾಣೋಕೆ ಮುಂಚೆ ಇದ್ಕೆ ವಾಸ್ನೆ ಹತ್ತತದೆ. ಇದು ಬೊಗಳಿದ್ಮೇಲೇ ನಾನು ಎದ್ದು ತಗಡು ಬಡಿಯೋದು. ಆ ಹಾಲಿನಂಗಿರೋ ಮದ್ದೇ ಕೊಡು. ಓಡ್ಬೇಕಾಗಿಲ್ಲ, ಕೂತಲ್ಲೇ ಬೊಗಳಿದ್ರೆ ಸಾಕು."

"ಚೀಟಿಯಲ್ಲಿ ಹಾಗೆ ಬಂದಿಲ್ಲ."

"ಇನ್ನೊಂದು ಎತ್ತು. ಯಾರು ನೋಡ್ತಾರೆ? ಈ ಡಾಕ್ಟ್ರು ಬೇಕಾದ್ರೆ ಆ ಕಡೆ ತಿರುಗ್ಕೊತಾರೆ."

ಗುರುಗಳು ನಕ್ಕರು. ಆದರೆ ತಿರುಗಲಿಲ್ಲ. "ಬಲವಂತ ಇಲ್ಲಮ್ಮಾ. ಬೇಡಾಂದ್ರೆ ಅಧ್ಯಯನದಿಂದ ಬಿಟ್ಬುಡ್ತೀವಿ. ಆದ್ರೆ ಬಿಟ್ರೂ ಇಲ್ಲಿರೋದು ಹಳೇ ಮದ್ದೇ. ಇಲ್ಲಾಂದ್ರೆ ಕುಯ್ಲು ಮುಗಿಸ್ಕೊಂಡು ಬನ್ನಿ" ಎಂದರು.

"ಅಷ್ಟ್ರಲ್ಲಿ ಇದು ಬೆದೆಗೆ ಬತ್ತದೆ ಸಾಮಿ! ಊರ್ನ ಗಂಡುನಾಯಿಗಳೆಲ್ಲ ಸೇರ್ಕೊಂಡು ನನ್ ರಾಗೀಲೇ ಮದ್ವೆ ಮಾಡ್ಕೊತವೆ. ಆಮೇಲೆ ಆನೆ ಬೇರೆ ಯಾಕೆ ಬೇಕು?"

ನಾನು ಚೀಟಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿದೆ. ಆಕೆಯ ಮನೆಯಲ್ಲಿ ವರ್ಷವಿಡೀ ಮುದ್ದೆಯಾಗಬೇಕಾದದ್ದು ಆ ಹೊಲದಲ್ಲಿತ್ತು. ಆನೆಗಳಿಗೆ ಅದನ್ನು ತುಳಿದು ಹೋಗಲು ಒಂದು ರಾತ್ರಿ ಸಾಕು. ನನ್ನ ಹೋಲಿಕೆ ಕೆಡಲು ಒಂದು ಚೀಟಿ ಸಾಕು.

ಗುರುಗಳು ಕೈ ಒರೆಸಿಕೊಳ್ಳುತ್ತ, "ನಿಮ್ಮ ನಾಯಿಗೆ ರಾತ್ರಿ ಏನೇನು ಕೆಲ್ಸ?" ಎಂದು ಕೇಳಿದರು.

"ಏನೈತೆ, ಅಟ್ಟಣೆ ಕೆಳಗೆ ಕೂರೋದು, ಆನೆ ಬಂದ್ರೆ ಬೊಗಳೋದು."

"ವಾಸ್ನೆ ವಿಷಯ ಗ್ಯಾರಂಟಿ ಕೊಡಕ್ಕಾಗಲ್ಲ. ಕಣ್ಣು, ಕಿವಿ ನೆಟ್ಟಗವೆ. ಇವತ್ತು ಅದರ ಬದ್ಲು ನಾನು ಬತ್ತೀನಿ."

ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೊಗಳಾಕೆ ಬತ್ತದಾ?"

"ಇಷ್ಟು ವರ್ಷ ದಿನಾ ಕೇಳಿದೀನಿ. ಬರ್ದೆ ಏನು?"

ತಮಾಷೆಯೆಂದೇ ನಾವಿಬ್ಬರೂ ಭಾವಿಸಿದೆವು. ಆಪರೇಷನ್ ಮುಗಿದು, ನಾಯಿ ತಲೆಯೆತ್ತಿ, ಗುರುಗಳ ತೊಡೆಯ ಮೇಲೆ ಜೊಲ್ಲು ಸುರಿಸಿದ ಮೇಲೆ ಅವರು ಮನೆಗೆ ಫೋನ್ ಮಾಡಿದರು. "ರಾತ್ರಿ ಊಟಕ್ಕೆ ಬರಲ್ಲ. ರಾಗಿ ಕಾಯಕ್ಕೆ ಹೋಗ್ತಿದೀನಿ."

ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. "ಚೀಟಿಗೆ ಕಟ್ಟುಬಿದ್ದಿರೋದು ನಾವು ಕಣಮ್ಮಾ, ಆಯಮ್ಮ ಅಲ್ಲ. ನಮ್ಮ ಕಟ್ಟಳೆಯಿಂದ ಆಗೋ ಕಷ್ಟ ಆಯಮ್ಮನ ತಲೆ ಮೇಲೆ ಹಾಕ್ಬಾರ್ದು" ಎಂದರು. ಟೆಂಪೋದ ಹಿಂಬದಿಯಲ್ಲಿ, ಖಾಲಿ ಟೊಮ್ಯಾಟೊ ಪೆಟ್ಟಿಗೆಗಳ ನಡುವೆ ಕೂತು ಹೋದರು. ನಾಯಿ ನನ್ನ ಬಳಿ ಉಳಿಯಿತು. ಕತ್ತಲಾಗುವ ಹೊತ್ತಿಗೆ ಎದ್ದು ನಿಂತು, ಎರಡು ಹೆಜ್ಜೆ ನಡೆದು, ಬಕೆಟ್ಟಿಗೆ ಡಿಕ್ಕಿ ಹೊಡೆದು ಮತ್ತೆ ಮಲಗಿತು.

ಬೆಳಗ್ಗೆ ಟೆಂಪೋದಿಂದ ಆಕೆ ನಗುತ್ತಲೇ ಇಳಿದರು.

"ಏನವ್ವಾ, ನಿಮ್ ಡಾಕ್ಟ್ರು ಮದ್ದು ಚುಚ್ಚದೇನೇ ಮಲಗ್ಬುಟ್ರು!"

ಹಿಂದೆ ಗುರುಗಳು, ತಲೆಯಲ್ಲಿ ರಾಗಿ ಹುಲ್ಲು ಸಿಕ್ಕಿಸಿಕೊಂಡು, ನನ್ನ ಮುಖ ನೋಡದೆ ನಿಂತಿದ್ದರು. ಮೊದಮೊದಲು ಚೆನ್ನಾಗಿಯೇ ಬೊಗಳಿದರಂತೆ. ಬೆಂಕಿಪೊಟ್ಟಣ ಕೇಳಲು ಬಂದ ಪಕ್ಕದ ಹೊಲದವರು ಹೆದರಿ ಓಡಿದರಂತೆ. ಆಮೇಲೆ ಕೂತಲ್ಲೇ ಒರಗಿಬಿಟ್ಟರಂತೆ.

"ಇವರ ಗೊರ್ಕೇಲಿ ನಂಗೆ ನಿದ್ದೆ ಎಲ್ಲಿ ಬಂದಾತು? ರಾತ್ರಿಯೆಲ್ಲ ನಾನೇ ಎದ್ದಿದ್ದೆ. ಆನೆ ಬಂದ್ವು. ನನ್ ತಗಡು ಕೇಳಿ ಹೋದ್ವೋ, ಇವರ ಗೊರ್ಕೆ ಕೇಳಿ ಹೋದ್ವೋ, ಆ ದೇವ್ರಿಗೇ ಗೊತ್ತು. ರಾಗಿ ನಿಂತದೆ ಕಣವ್ವಾ, ಒಂದು ತೆನೆ ಹೋಗಿಲ್ಲ."

ಗುರುಗಳಿಗೆ ಆಗ ಮಾತು ಬಂತು. "ನೋಡಮ್ಮಾ, ಇದನ್ನೇ ನಾನು ಹೇಳೋದು. ಎರಡನ್ನೂ ಒಟ್ಟಿಗೆ ಕೊಟ್ರೆ ಯಾವುದ್ರಿಂದ ಗುಣ ಆಯ್ತು ಅಂತ ಗೊತ್ತಾಗಲ್ಲ."

ನಾಯಿ ಅವರಿಬ್ಬರನ್ನೂ ಮೂಸಿ, ಟೆಂಪೋದ ಕಡೆ ಮುಖ ಮಾಡಿ ಬೊಗಳಿತು. ಅದು ತಡವಾಗಿ ಎದ್ದದ್ದು ಇದ್ದ ಹಾಗೆಯೇ ನನ್ನ ಪ್ರಬಂಧದಲ್ಲಿದೆ. ಗುರುಗಳು ಯಾಕೆ ಹೊಲಕ್ಕೆ ಹೋದರು ಎಂಬುದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ನಿವೃತ್ತಿಯಾದ ಮೇಲೆ ಗುರುಗಳು ಹೆಚ್ಚು ಕಾಲ ಇರಲಿಲ್ಲ. ಮಧ್ಯಾಹ್ನದ ನಿದ್ದೆಯಲ್ಲೇ ಹೋದರು.

ಈಗ ನಾನೇ ಎರಡು ಅರಿವಳಿಕೆಗಳ ಇನ್ನೊಂದು ಹೋಲಿಕೆ ನಡೆಸುತ್ತಿದ್ದೇನೆ. ಮೊನ್ನೆ ತೊರಪಲ್ಲಿಯ ಕಡೆಯ ಕುರಿಗಾಹಿಯೊಬ್ಬರು ಗಂಟು ತೆಗೆಸಲು ತಂದ ಮುದಿ ನಾಯಿಗೆ ಚೀಟಿಯಲ್ಲಿ, ಮಂಪರು ನಿಧಾನವಾಗಿ ಇಳಿಯುವ ಮದ್ದು ಬಂತು. ಬದುವಿನ ಮೇಲೆ ಕೂತು, ಪಕ್ಕದವರ ತೋಟಕ್ಕೆ ಕುರಿ ನುಗ್ಗದಂತೆ ಬೊಗಳುವುದು ಆ ನಾಯಿಯ ಕೆಲಸ. ಬೇಗ ಏಳುವ ಮದ್ದೇ ಕೊಡಿ ಎಂದು ಆತ ಬಹಳ ಕೇಳಿಕೊಂಡರು. ನಾನು ಚೀಟಿ ಬದಲಾಯಿಸಲಿಲ್ಲ. ನಾಯಿ ಕಣ್ಣು ಬಿಟ್ಟ ಮೇಲೆ ಅದನ್ನು ಆಸ್ಪತ್ರೆಯ ಜೊತೆಗಾರರಿಗೆ ಒಪ್ಪಿಸಿ, ಮಧ್ಯಾಹ್ನ ಆತನ ಜೊತೆ ಹೋಗಿ ಬದುವಿನ ಮೇಲೆ ಕೂತೆ. ಕುರಿಗಳು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಂದು ಕುರಿ ಎಲೆಕೋಸಿನ ಕಡೆ ನೇರವಾಗಿ ಹೊರಟಿತು. ಕೈ ಬೀಸಿದೆ, ನಿಲ್ಲಲಿಲ್ಲ. ಕುರಿಗಾಹಿ ದೂರದಲ್ಲಿದ್ದಾರೆ, ಹತ್ತಿರ ಯಾರೂ ಇಲ್ಲ ಎಂದು ಎರಡು ಸಲ ನೋಡಿಕೊಂಡು, ಜೀವನದಲ್ಲಿ ಮೊದಲ ಸಲ ಬೊಗಳಿದೆ. ಕುರಿ ನಿಂತು, ನನ್ನನ್ನು ನೋಡಿ, ಹಿಂತಿರುಗಿತು.