ನೀಲಗಿರಿ ಎಣ್ಣೆ ಮತ್ತು ಹುಳುಮನೆ

ಹೊಡೆತಕ್ಕೆ ನಾನು ಅಷ್ಟಾಗಿ ಹೆದರಿದವನಲ್ಲ. ಹೊಡೆತ ಬೀಳುವ ಮೊದಲಿನ ಯೋಚನೆಗೇ ಅರ್ಧ ಸತ್ತಿರುತ್ತಿದ್ದೆ. ಮಿಲಿಟರಿಯಲ್ಲಿ ಬಾಕ್ಸಿಂಗ್ ಕಲಿತು ಮೂರು ಕಪ್ ಗೆದ್ದೆ. ಮೂರು ಸಲವೂ ಹಿಂದಿನ ದಿನ ಊಟ ಸೇರಿರಲಿಲ್ಲ. ಐವತ್ತರ ದಶಕದ ಕೊನೆಗೆ ಆ ಕೆಲಸ ಬಿಟ್ಟು, ಜಂಗಮಕೋಟೆ ಹತ್ತಿರದ ನಮ್ಮೂರಿಗೆ ಬಂದವನು ಚಿಂತಾಮಣಿ, ಗೌರಿಬಿದನೂರಿನ ಟೆಂಟುಗಳಲ್ಲಿ ಟಿಕೆಟ್ಟಿನ ಪಂದ್ಯಗಳಿಗೆ ಇಳಿದೆ. ಕೂಲಿ ಪಡೆದು ಹೊಡೆಸಿಕೊಳ್ಳುವವನಿಗೆ ಪ್ರೊಫೆಷನಲ್ ಎನ್ನುತ್ತಾರೆಂದು ಮನೆಯಲ್ಲಿ ವಿವರಿಸಿದೆ. ಅಣ್ಣ ನಗಲಿಲ್ಲ.

ಅಭ್ಯಾಸಕ್ಕೆ ಇದ್ದ ಜಾಗ ನಮ್ಮ ಹುಳುಮನೆ ಒಂದೇ. ಒಂದು ಬೆಳೆ ಮುಗಿದು, ಅಣ್ಣ ರೇಷ್ಮೆಹುಳುವಿನ ತಟ್ಟೆಗಳನ್ನು ತೊಳೆದು ಒಣಗಿಸುವ ದಿನಗಳಲ್ಲಿ ತೊಲೆಗೆ ಮರಳಿನ ಚೀಲ ನೇತುಹಾಕಿ ಗುದ್ದುತ್ತಿದ್ದೆ. ಹುಳು ಬಂದ ಮೇಲೆ ಜಗಲಿಯೂ ನನಗೆ ದೂರ. ಘಾಟುವಾಸನೆ ಹುಳುವಿಗೆ ಆಗದು. ನಾನೋ, ತಲೆಯಿಂದ ಕಾಲಿನವರೆಗೆ ನೀಲಗಿರಿ ಎಣ್ಣೆ.

ಒಮ್ಮೆ ಗೌರಿಬಿದನೂರಿನಲ್ಲಿ ಪಕ್ಕೆಗೆ ಏಟು ತಿಂದು ಬಂದವನು ಹುಳುಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತೆ, ಅಷ್ಟೆ. ಅದೇ ವಾರ, ಗೂಡು ಕಟ್ಟಬೇಕಾಗಿದ್ದ ಹುಳುಗಳು ಸೊಪ್ಪು ಬಿಟ್ಟು ಸತ್ತವು.

"ನಿನ್ನ ಎಣ್ಣೇನೇ ಕಣೋ ಕೊಂದಿದ್ದು! ಗುದ್ದಾಟ ಬಿಡು, ಇಲ್ಲಾ ಚೀಲ ಎತ್ಕೊಂಡು ನಡಿ!" ಎಂದ ಅಣ್ಣ.

"ಗುದ್ದಾಟ ಬಿಡಲ್ಲಣ್ಣಾ. ಚೀಲ ಎತ್ಕೊಂತೀನಿ."

ಮರಳನ್ನಾದರೂ ಸುರಿದು ಬರಬಹುದಿತ್ತು. ರೋಷದಲ್ಲಿ ಅದೂ ಹೊಳೆಯದೆ, ನೋಯುವ ಪಕ್ಕೆಯ ಮೇಲೆ ತುಂಬಿದ ಚೀಲವನ್ನೇ ಹೊತ್ತು ಬಸ್ಸು ಹತ್ತಿದೆ.

"ಯಾಕಣ್ಣಾ, ಶಿಡ್ಲಘಟ್ಟದಾಗೆ ಮರಳು ಸಿಗಲ್ವಾ?" ಎಂದ ಕಂಡಕ್ಟರ್.

ಅಲ್ಲಿ ನನಗೆ ಜಾಗ ಕೊಟ್ಟವರು ಗೂಡು ಬೇಯಿಸಿ ನೂಲು ತೆಗೆಸುವ ಒಬ್ಬ ಸಾಹೇಬರು. ಅವರ ಶೆಡ್ಡಿನ ಹಿಂಭಾಗ ಖಾಲಿಯಿತ್ತು. "ಎಣ್ಣೆ ವಾಸನೆ ಬರ್ತದೆ ಸಾಹೇಬ್ರೇ, ಆಮೇಲೆ ಬೈಬೇಡಿ," ಎಂದು ಹತ್ತು ಸಲ ಹೇಳಿದೆ.

"ಅರೆ ಭಾಯಿ, ಬೆಂದ ಹುಳದ ನಾತದಲ್ಲೇ ಇಪ್ಪತ್ತು ವರ್ಷದಿಂದ ಇದ್ದೀನಿ. ನಿಮ್ಮ ಎಣ್ಣೆ ನಮಗೆ ಅತ್ತರು!"

ನೂಲು ತೆಗೆಯುವ ಎಂಟು ಜನರೇ ನನ್ನ ಮೊದಲ ಶಿಷ್ಯರಾದರು. ದಿನವಿಡೀ ಬಿಸಿನೀರಲ್ಲಿ ನೆನೆದ ಅವರ ಬೆರಳುಗಳು ಮೊದಲ ಗುದ್ದಿಗೇ ಸುಲಿಯುತ್ತಿದ್ದವು. ಹಳೆ ಪಂಚೆ ಹರಿದು ಸುತ್ತಿ ಕಲಿಸಿದೆ. ಅದುವರೆಗೆ ನನ್ನ ಒಂದು ಮೂಗಿನ ಚಿಂತೆಯಿತ್ತು. ಈಗ ಒಂಬತ್ತು ಮೂಗುಗಳ ಚಿಂತೆ.

ಮುಂದಿನ ಬೆಳೆಯ ಹೊತ್ತಿಗೆ ಅಣ್ಣ ಬಂದು, ಮೂಗು ಮುಚ್ಚಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತ.

"ಈ ಸಲಾನೂ ಹುಳ ಹೋದ್ವು ಕಣೋ."

"ನಾನಿರ್ಲಿಲ್ವಲ್ಲಣ್ಣಾ?"

"ಗಾಳೀಲಿ ಬಂದಿರ್ಬೇಕು, ನಿನ್ನ ವಾಸನೆ." ಅವನಿಗೇ ನಗು ತಡೆಯಲಾಗಲಿಲ್ಲ. ಆಮೇಲೆ ನೆಲ ನೋಡುತ್ತ, "ವಾಪಸ್ ಬಾರಪ್ಪ. ತೊಲೆ ಖಾಲಿ ಐತೆ," ಎಂದ.

"ಬರಲ್ಲಣ್ಣಾ. ಹುಳ ಬಂದ್ರೆ ಮತ್ತೆ ಆಚೆಗಾಕ್ತೀಯ. ಇಲ್ಲಿ ಆಚೆಗಾಕೋರಿಲ್ಲ."

ಬೇಕೆಂದೇ ಅಂಗೈ ತುಂಬ ಎಣ್ಣೆ ಸುರಿದುಕೊಂಡು, ಅವನ ಎದುರಿಗೇ ಭುಜಕ್ಕೆ ತಿಕ್ಕಿಕೊಂಡೆ. ಅವನು ಹೊರಟ. ಎರಡು ನಿಮಿಷವೂ ಆಗಿರಲಿಲ್ಲ, ಯೋಚನೆ ಹತ್ತಿತು. ಬಸ್ ಸ್ಟ್ಯಾಂಡಿನವರೆಗೂ ಓಡಿ ಹೋಗಿ, "ಹುಳುಮನೆಗೆ ಹೋಗೋ ಮುಂಚೆ ಸ್ನಾನ ಮಾಡಣ್ಣಾ," ಎಂದು ಹೇಳಿ, ಅಷ್ಟೇ ಜೋರಾಗಿ ಓಡಿ ಬಂದು ಚೀಲಕ್ಕೆ ಗುದ್ದಿದೆ.