ಜನರ ಮುಂಗಡದಲ್ಲಿ ಮಾಡಿದ ಸಂತೆಯಾಟ

ಆ ನವೆಂಬರಿನಲ್ಲಿ ಹೊಗೆ ವಿಪರೀತವಾಗಿ ಶಾಲೆಗಳನ್ನು ಮುಚ್ಚಿಬಿಟ್ಟಿದ್ದರು. ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತರೆ ಎದುರಿನ ಟವರ್ ಕೂಡ ಕಾಣುತ್ತಿರಲಿಲ್ಲ. ಮಗಳು ಆಗ ನಾಲ್ಕನೇ ಕ್ಲಾಸು. ಕೆಳಗಿಳಿದು ಆಡುವಂತಿಲ್ಲ, ಆನ್‌ಲೈನ್ ಪಾಠ ಮುಗಿದರೆ ಮತ್ತೆ ಅದೇ ಮೊಬೈಲು. ನಾನೂ ನೋಯ್ಡಾದ ಆಫೀಸಿನ ಕೆಲಸವನ್ನು ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು ಕೂತಿದ್ದೆ. ಒಂದು ಮಧ್ಯಾಹ್ನ ಅವಳ ಮುಖ ನೋಡಲಾಗದೆ, ಹೊಸ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಿಯನ್ನು ಕತ್ತರಿಸಿ ಅದರ ಮೇಲೆ ನಮ್ಮ ರಸ್ತೆಯಲ್ಲಿ ವಾರಕ್ಕೊಮ್ಮೆ ಕೂರುವ ಸಂತೆಯ ಚಿತ್ರ ಬರೆದೆ.

ಆಟ ಸರಳವಾಗಿತ್ತು. ಆಡುವವರೆಲ್ಲ ಸಂತೆಯ ಅಂಗಡಿಯವರು. ಒಬ್ಬರದು ತರಕಾರಿ, ಒಬ್ಬರದು ಬಳೆ, ಇನ್ನೊಬ್ಬರದು ಪಾತ್ರೆ. ದಾಳ ಹಾಕಿ ಕಾರ್ಡು ಎತ್ತಿದಂತೆ ಗಿರಾಕಿಗಳು ಬರುತ್ತಾರೆ, ಸರಕು ಮಾರಬೇಕು. ಕಾರ್ಡುಗಳ ನಡುವೆ ಆಂಧಿಯೂ ಅಡಗಿರುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಇದ್ದಕ್ಕಿದ್ದಂತೆ ಏಳುವ ಧೂಳಿನ ಬಿರುಗಾಳಿಗೆ ಆಂಧಿ ಎನ್ನುತ್ತಾರೆ. ಅದು ಬರುವಷ್ಟರಲ್ಲಿ ಹೆಚ್ಚು ಮಾರಿದವರು ಗೆದ್ದಂತೆ. ಮಗಳು ಮೊದಲ ಆಟದಲ್ಲೇ ಸೋತು, "ಅಮ್ಮಾ, ಯೇ ತೋ ಚೀಟಿಂಗ್ ಹೈ, ಇನ್ನೊಂದ್ಸಲ ಆಡೋಣ" ಎಂದಳು. ಆ ವಾರವಿಡೀ ಆಡಿದೆವು. ಪಕ್ಕದ ಮನೆಯ ಮಕ್ಕಳೂ ಬಂದು ಸೇರಿದರು.

ಇದನ್ನು ಅಚ್ಚು ಹಾಕಿಸಬೇಕೆಂಬ ಹುಚ್ಚು ಹಿಡಿದದ್ದು ಆಮೇಲೆ. ಆಫೀಸಿನ ಸಹೋದ್ಯೋಗಿಯೊಬ್ಬಳು ಕ್ರೌಡ್‌ಫಂಡಿಂಗ್ ವಿಷಯ ಹೇಳಿದಳು. ಮಾಡಬೇಕೆಂದಿರುವ ವಸ್ತುವನ್ನು ಇಂಟರ್ನೆಟ್ಟಿನಲ್ಲಿ ತೋರಿಸುವುದು, ಬೇಕೆನ್ನುವವರು ಮುಂಗಡ ಕೊಡುವುದು, ಗುರಿಯಷ್ಟು ಹಣ ಕೂಡಿದರೆ ತಯಾರಿಸಿ ಕಳಿಸುವುದು, ಕೂಡದಿದ್ದರೆ ಎಲ್ಲರ ಹಣವೂ ತಾನಾಗಿ ವಾಪಸ್. ನನ್ನ ಗಂಡ ಪೂರ್ತಿ ಕೇಳಿಸಿಕೊಂಡು, "ಮಾಡು. ಆದ್ರೆ ಜನರ ದುಡ್ಡು ಅಂದ್ರೆ ಹುಡುಗಾಟ ಅಲ್ಲ, ನೆನಪಿರಲಿ" ಎಂದ. ನಾನು ತಲೆಯಾಡಿಸಿದೆ. ಆ ಮಾತು ನನ್ನೊಳಗೆ ಇಳಿದಿರಲಿಲ್ಲ.

ಚಳಿಗಾಲವೆಲ್ಲ ವಿಡಿಯೊ ಮಾಡುವುದರಲ್ಲಿ ಕಳೆಯಿತು. ಒಳ್ಳೆಯ ಬೆಳಕು, ಹಿನ್ನೆಲೆಗೆ ಸಿತಾರ್, ಮಗಳ ಕೈಯಿಂದ ಬೀಳುವ ದಾಳ. ಕ್ರೌಡ್‌ಫಂಡಿಂಗ್ ಪುಟ ತೆರೆದ ದಿನ ಗೆಳೆಯರೆಲ್ಲ ಹೊಗಳಿದರು, ಹೆಬ್ಬೆರಳು ಎತ್ತಿದರು, ಗುಂಪುಗಳಿಗೆ ಕಳಿಸಿದರು. ಮುಂಗಡ ಕೊಟ್ಟವರು ಮಾತ್ರ ಬೆರಳೆಣಿಕೆಯ ಜನ. ಗಡುವು ಮುಗಿದಾಗ ಗುರಿಯ ಹತ್ತಿರಕ್ಕೂ ಹೋಗಿರಲಿಲ್ಲ. ಎಲ್ಲರ ಹಣವೂ ಅವರವರ ಖಾತೆಗೆ ಮರಳಿತು.

ಮರುದಿನ ಲಿಫ್ಟಿನಲ್ಲಿ ಮೇಲಿನ ಮನೆಯ ಪಂಜಾಬಿ ಆಂಟಿ ಸಿಕ್ಕರು. "ಬೇಟಾ, ಆಪ್ ಕೆ ಗೇಮ್ ಕಾ ಕ್ಯಾ ಹುವಾ?"

"ನಹೀಂ ಹುವಾ, ಆಂಟೀಜಿ."

ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ವಿಚಿತ್ರವಾಗಿ ಹಗುರವೆನಿಸಿತು. ಆಗಲಿಲ್ಲ ಎಂದು ಒಪ್ಪಿಕೊಂಡ ಮೇಲೆ, ಯಾಕೆ ಆಗಲಿಲ್ಲ ಎಂದು ಕೇಳುವುದು ಸುಲಭ. ಲಿಫ್ಟ್ ಕೆಳಗೆ ಮುಟ್ಟುವಷ್ಟರಲ್ಲಿ ಇನ್ನೊಮ್ಮೆ ಮಾಡಿಯೇ ತೀರುತ್ತೇನೆ ಎಂದು ತೀರ್ಮಾನಿಸಿದ್ದೆ.

ಹಣ ಕೊಡದವರಿಗೆಲ್ಲ ಫೋನ್ ಮಾಡತೊಡಗಿದೆ. ಕೊಡಿ ಎಂದು ಕೇಳಲಿಲ್ಲ, ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಹೆಚ್ಚಿನವರು ತಡವರಿಸಿದರು. ಮೈಸೂರಿನ ನನ್ನ ಚಿಕ್ಕಮ್ಮನ ಮಗಳು ಮಾತ್ರ ನೇರವಾಗಿ ಹೇಳಿದಳು: "ವಿಡಿಯೊ ಚೆನ್ನಾಗಿತ್ತು ಕಣೇ. ಆದ್ರೆ ಆಟ ಹೇಗಿರತ್ತೆ ಅಂತ್ಲೇ ಗೊತ್ತಾಗ್ಲಿಲ್ಲ. ನಿಮ್ಮ ಮನೆಯವರನ್ನ ಬಿಟ್ಟು ಇದನ್ನ ಯಾರು ಆಡಿದ್ದಾರೆ?"

ಪಕ್ಕದ ಮನೆಯ ಮಕ್ಕಳನ್ನು ಬಿಟ್ಟರೆ ಯಾರೂ ಆಡಿರಲಿಲ್ಲ. ನನಗೆ ಗುರುತಿಲ್ಲದ ಒಬ್ಬರ ಕೈಗೂ ಆಟವನ್ನು ಕೊಡದೆಯೇ ಊರಿನವರ ಮುಂಗಡ ಕೇಳಲು ಹೊರಟಿದ್ದೆ.

ವಸಂತ್ ಕುಂಜ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಭಾನುವಾರ ಮಧ್ಯಾಹ್ನ ಸೇರಿ ಬೋರ್ಡ್ ಗೇಮ್ ಆಡುತ್ತಾರೆಂದು ತಿಳಿಯಿತು. ಅದನ್ನು ನಡೆಸುತ್ತಿದ್ದವಳು ಬೀದರ್ ಕಡೆಯ ಹುಡುಗಿ, ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಆಟ ಹಿಡಿದು ಹೋದ ನಾನು ಕನ್ನಡದವಳೆಂದು ತಿಳಿದು ಖುಷಿಯಾಗಿ ಚಹಾ ಕೊಟ್ಟಳು. ಆಮೇಲೆ ಮೂವರು ಗೆಳೆಯರೊಂದಿಗೆ ಆಡಲು ಕೂತಳು. ನಾನು ನಡುನಡುವೆ ನಿಯಮ ವಿವರಿಸಲು ಹೋದಾಗಲೆಲ್ಲ ಕೈಯೆತ್ತಿ ತಡೆದಳು.

"ಅಕ್ಕಾ, ನೀವು ಮಾತಾಡಬೇಡಿ. ಡಬ್ಬಿ ಜೊತೆ ನೀವು ಎಲ್ಲರ ಮನೆಗೂ ಹೋಗ್ತೀರಾ?"

ಬಾಯಿ ಮುಚ್ಚಿಕೊಂಡು ಕೂತೆ. ಅರ್ಧ ಆಟದಲ್ಲಿ ಒಬ್ಬ ಮೊಬೈಲ್ ತೆಗೆದ. ಇನ್ನೊಬ್ಬಳು ಆಕಳಿಸಿದಳು. ಮುಗಿದ ಮೇಲೆ ಹುಡುಗಿ ಕಾರ್ಡುಗಳನ್ನು ಜೋಡಿಸುತ್ತ ಹೇಳಿದಳು: "ಚಿತ್ರ ಭಾಳ ಚಂದ ಅದಾವ. ಆದ್ರೆ ಅಕ್ಕಾ, ಯಾರು ಗೆಲ್ತಾರೆ ಅಂತ ನಡುವೇನೇ ಗೊತ್ತಾಗಿಬಿಡತ್ತೆ. ಆಮೇಲೆ ಹಿಂದೆ ಬಿದ್ದವರು ಯಾಕೆ ಕೂತಿರಬೇಕು?"

ಮೆಟ್ರೊದಲ್ಲಿ ಮನೆಗೆ ಬರುವಾಗ ಸಿಟ್ಟಿನಿಂದ ಕಣ್ಣು ತುಂಬಿತ್ತು. ಅವಳು ಹೇಳಿದ್ದು ಸರಿ ಎಂಬುದೇ ಸಿಟ್ಟಿಗೆ ಕಾರಣ.

ಉತ್ತರ ಸಿಕ್ಕಿದ್ದು ಮೇ ತಿಂಗಳ ಒಂದು ಸಂತೆಯಲ್ಲಿ. ಮಗಳೂ ನಾನೂ ಟೊಮೆಟೊ ಆರಿಸುತ್ತಿದ್ದೆವು. ಆಕಾಶ ಹಳದಿಯಾಯಿತು, ಮರುಗಳಿಗೆಗೆ ಗಾಳಿ ಎದ್ದಿತು. ತರಕಾರಿಯವನ ತಾಡಪಾಲು ಪಟಪಟ ಹೊಡೆದುಕೊಂಡು ಕಂಬ ವಾಲಿತು. ಪಕ್ಕದಲ್ಲಿ ಬಳೆ ಮಾರುವ ಹೆಂಗಸಿಗೂ ಅವನಿಗೂ ಜಾಗದ ವಿಷಯಕ್ಕೆ ಪ್ರತಿ ವಾರ ಜಗಳ. ಆಗಷ್ಟೇ ಇಬ್ಬರೂ ಕೂಗಾಡಿದ್ದರು. ಈಗ ಆಕೆ ತನ್ನ ಬಳೆಯ ಪೆಟ್ಟಿಗೆಯ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಲ್ಲಿ ಅವನ ಕಂಬ ಹಿಡಿದು ನಿಂತಳು. "ಪಕಡೋ, ಪಕಡೋ!" ಎಂದು ತರಕಾರಿ ಭಯ್ಯಾ ಕೂಗಿದಾಗ ನಾನೂ ಚೀಲ ಬಿಟ್ಟು ಹಗ್ಗ ಹಿಡಿದೆ. ಕಣ್ಣು, ಬಾಯಿ ಎಲ್ಲ ಧೂಳು. ಮಗಳು ಉರುಳುತ್ತಿದ್ದ ಟೊಮೆಟೊ ಆರಿಸುತ್ತ ಕಿಲಕಿಲ ನಗುತ್ತಿದ್ದಳು. ಗಾಳಿ ನಿಂತ ಮೇಲೆ ಭಯ್ಯಾ ಆ ಹೆಂಗಸಿನ ಚೀಲಕ್ಕೆ ಒಂದಿಷ್ಟು ಬೆಂಡೆಕಾಯಿ ಸುರಿದ. ಆಕೆ ಬೇಡವೆನ್ನಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ.

ಮನೆಗೆ ಬಂದು ತಲೆಯ ಧೂಳನ್ನೂ ತೊಳೆಯದೆ ಹೊಸ ನಿಯಮ ಬರೆದೆ. ಆಂಧಿ ಬಂದಾಗ ಮುಂದಿರುವವನ ಅಂಗಡಿಗೇ ಹೆಚ್ಚು ನಷ್ಟ. ಹಿಂದಿರುವವರಲ್ಲಿ ಒಬ್ಬರು ಬಂದು ಅವನ ಹಗ್ಗ ಹಿಡಿಯಬಹುದು, ಹಿಡಿದರೆ ಸರಕಿನಲ್ಲಿ ಪಾಲು. ಹಿಡಿಯಬೇಕೋ ಬಿಡಬೇಕೋ ಎಂಬುದು ಅವರಿಗೇ ಬಿಟ್ಟದ್ದು. ಮುಂದಿನ ಭಾನುವಾರ ವಸಂತ್ ಕುಂಜ್‌ನಲ್ಲಿ ಅದೇ ನಾಲ್ವರು ಮೇಜಿನ ಸುತ್ತ ಎದ್ದುನಿಂತು ಚೌಕಾಸಿ ಮಾಡಿದರು. ಯಾರೂ ಮೊಬೈಲ್ ಮುಟ್ಟಲಿಲ್ಲ. ಬೀದರಿನ ಹುಡುಗಿ ನನ್ನ ಕಡೆ ತಿರುಗಿ, "ಈಗ ಕೇಳ್ರಿ ಅಕ್ಕಾ ದುಡ್ಡು" ಎಂದಳು.

ತಕ್ಷಣ ಕೇಳಲಿಲ್ಲ. ಜುಲೈ ಮುಗಿಯುವವರೆಗೂ ಆಟವನ್ನು ಹೊತ್ತು ತಿರುಗಿದೆ. ನಮ್ಮ ಸೊಸೈಟಿಯ ಕ್ಲಬ್ ಹೌಸ್, ಗುರುಗ್ರಾಮದ ಒಂದು ಕೆಫೆ, ಕನ್ನಡದವರು ಹಬ್ಬಕ್ಕೆ ಸೇರಿದ್ದ ಒಂದು ಹಾಲ್, ಎಲ್ಲ ಕಡೆ ಮೂಲೆಯಲ್ಲಿ ಸುಮ್ಮನೆ ಕೂತು ಜನ ಎಲ್ಲಿ ಎಡವುತ್ತಾರೆಂದು ನೋಡಿದೆ. ಎಡವಿದ ಕಡೆಯೆಲ್ಲ ನಿಯಮದ ಸಾಲನ್ನು ತಿದ್ದಿದೆ. ಎರಡನೇ ಸಲ ಪುಟ ತೆರೆದಾಗ ವಿಡಿಯೊದಲ್ಲಿ ಸಿತಾರ್ ಇರಲಿಲ್ಲ. ಜನ ಆಡುತ್ತ ಕಿರುಚುವ ಸದ್ದಿತ್ತು. ಆಡಿದವರು ತಮ್ಮ ಗೆಳೆಯರನ್ನು ಕರೆತಂದರು, ಅವರು ಇನ್ನಷ್ಟು ಜನರನ್ನು. ಗಡುವಿಗೆ ಮುಂಚೆಯೇ ಗುರಿ ಮುಟ್ಟಿತು.

ಮನೆಯಲ್ಲಿ ಜಿಲೇಬಿ ತಂದರು, ಮಗಳು ಕುಣಿದಳು. ನನಗೆ ಮಾತ್ರ ಭಯ. ನಾಗಪುರದವರು, ಶಿಲ್ಲಾಂಗಿನವರು, ಎಂದೂ ಮುಖ ನೋಡದವರು ನನ್ನ ಮಾತು ನಂಬಿ ಹಣ ಕಳಿಸಿದ್ದರು. ಜನರ ದುಡ್ಡು ಹುಡುಗಾಟ ಅಲ್ಲ ಎಂದು ಗಂಡ ಹೇಳಿದ್ದು ಆ ಸಂಜೆ ಅರ್ಥವಾಯಿತು.

ಸಂತೆಯ ಚಿತ್ರವಿರುವ ಹಲಗೆ, ಅಂದರೆ ದಪ್ಪ ರಟ್ಟಿಗೆ ಅಚ್ಚಿನ ಹಾಳೆ ಅಂಟಿಸಿದ್ದು, ನೋಯ್ಡಾದ ಒಂದು ಪ್ರೆಸ್ಸಿನಲ್ಲಿ ತಯಾರಾಯಿತು. ಸೆಪ್ಟೆಂಬರಿನ ತೇವದಲ್ಲಿ ಅಂಟಿಸಿದ್ದರು. ಅಕ್ಟೋಬರಿನ ಒಣಹವೆ ಬಂದಾಗ ಹಲಗೆಗಳು ಒಂದೊಂದಾಗಿ ಬಾಗಿದವು. ನಾನು ಹೋಗಿ ಮೇಜಿನ ಮೇಲಿಟ್ಟು ನೋಡಿದರೆ ಹಪ್ಪಳದ ಹಾಗೆ ಅಂಚೆಲ್ಲ ಮೇಲೆದ್ದಿತ್ತು. ದಾಳ ಬಿಟ್ಟರೆ ನಡುವಿಗೆ ಉರುಳಿ ಬರುತ್ತಿತ್ತು.

"ಮೇಡಂ, ಭಾರೀ ಕಿತಾಬ್ ರಖ್ ದೀಜಿಯೇ, ಸೀಧಾ ಹೋ ಜಾಯೇಗಾ," ಎಂದ ಪ್ರೆಸ್ಸಿನ ಮಾಲೀಕ. ಭಾರದ ಪುಸ್ತಕ ಇಟ್ಟರೆ ನೆಟ್ಟಗಾಗುತ್ತದಂತೆ.

ದೀಪಾವಳಿಗೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕಳಿಸಿಬಿಡುವ ಆಸೆ ನನಗೂ ಇತ್ತು. ಒಂದು ಹಲಗೆಯನ್ನು ಮನೆಗೆ ತಂದು ಎರಡು ದಿನ ಪುಸ್ತಕಗಳ ಭಾರ ಹೇರಿಟ್ಟೆವು. ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿತು. ಗಂಡ ನನ್ನ ಮುಖ ನೋಡಿದ. "ಕಳಿಸ್ತೀಯಾ?"

"ಇಲ್ಲ. ಎಲ್ಲ ಹೊಸದಾಗಿ ಮಾಡಿಸ್ತೀನಿ. ತಡ ಆದ್ರೆ ಆಗ್ಲಿ."

ಪ್ರೆಸ್ಸಿನವನೊಂದಿಗೆ ಜಗಳವಾಡಿ, ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದೆಂದಾಯಿತು. ಆ ಆಟದಿಂದ ನನಗೆ ಉಳಿಯಬೇಕಿದ್ದ ಲಾಭವೆಲ್ಲ ಅಲ್ಲಿಗೇ ಹೋಯಿತು. ಬಾಗಿದ ಹಲಗೆಯ ಫೋಟೊ ತೆಗೆದು, ಏನಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದು, ಬೇಕಾದವರು ಹಣ ವಾಪಸ್ ಪಡೆಯಬಹುದೆಂದು ಎಲ್ಲರಿಗೂ ಕಳಿಸಿದೆ. ಹೆಚ್ಚಿನವರು ಕಾಯುತ್ತೇವೆ ಎಂದರು. ಪುಣೆಯ ಒಬ್ಬರು ಮಾತ್ರ ಮೋಸಗಾರ್ತಿ ಎಂದು ಎಲ್ಲರಿಗೂ ಕಾಣುವಂತೆ ಬರೆದರು. ಉತ್ತರ ಬರೆಯಲು ಕೂತು, ಅಳಿಸಿ, ಕೊನೆಗೆ ಫೋನ್ ಮಾಡಿದೆ.

ಅವರು ಹಿಂದಿಯಲ್ಲಿ ಒಂದೇ ಸಮನೆ ಕೂಗಿದರು. ಮಗನಿಗೆ ದೀಪಾವಳಿಯ ಉಡುಗೊರೆಯೆಂದು ಹೇಳಿ ಆಗಿದೆ, ಹುಡುಗ ದಿನಾ ಕೇಳುತ್ತಾನೆ, ಅವನಿಗೇನು ಹೇಳಲಿ? ತೇವ, ರಟ್ಟು, ಅಂಟು ಎಂದೆಲ್ಲ ವಿವರಿಸಲು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಅವರಿಗೆ ಬೇಕಾದದ್ದು ಅದಾಗಿರಲಿಲ್ಲ. "ನಿಮ್ಮ ಸಿಟ್ಟು ಸರಿಯಾಗಿದೆ. ಕೊಟ್ಟ ಮಾತಿಗೆ ನಾನು ತಪ್ಪಿದೆ" ಎಂದೆ. ಅವರು ತಗ್ಗಿದ ದನಿಯಲ್ಲಿ ಹಣ ವಾಪಸ್ ಕಳಿಸಿ ಎಂದರು. ಅಂದೇ ಕಳಿಸಿದೆ. ಅವರು ತಮ್ಮ ಮಾತನ್ನು ಅಳಿಸಲಿಲ್ಲ. ಈಗಲೂ ಆ ಪುಟದಲ್ಲಿದೆ. ಇರಲಿ ಎಂದು ಬಿಟ್ಟಿದ್ದೇನೆ.

ಹೊಸ ಹಲಗೆಗಳು ಬಂದದ್ದು ಜನವರಿಯ ಮಂಜಿನಲ್ಲಿ. ಈ ಸಲ ಪ್ರತಿಯೊಂದನ್ನೂ ಮೇಜಿನ ಮೇಲಿಟ್ಟು ನೋಡಿಯೇ ಡಬ್ಬಿಗೆ ಹಾಕಿದೆವು. ಮನೆಯ ಹಾಲ್‌ನಲ್ಲಿ ನಡೆಯಲು ಜಾಗವಿರಲಿಲ್ಲ. ಬೀದರಿನ ಹುಡುಗಿ ಬಂದು ವಿಳಾಸ ಅಂಟಿಸಿದಳು, ಮೇಲಿನ ಮನೆಯ ಆಂಟಿ ಪರಾಠ ಕಳಿಸಿದರು. ಕೊರಿಯರ್‌ನವನು ಕೊನೆಯ ಚೀಲ ಎತ್ತಿಕೊಂಡು ಹೋದಾಗ ನಾನು ಖಾಲಿ ನೆಲದ ಮೇಲೆ ಹಾಗೆಯೇ ಮಲಗಿಬಿಟ್ಟೆ.

ಕೆಲವು ವಾರಗಳ ನಂತರ ಮಗಳನ್ನು ಕರೆದುಕೊಂಡು ಗುರುಗ್ರಾಮದ ಆ ಕೆಫೆಗೆ ಹೋಗಿದ್ದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಅಪರಿಚಿತರ ಒಂದು ಗುಂಪು ನಮ್ಮ ಆಟ ಆಡುತ್ತಿತ್ತು. ನಿಯಮದ ಪ್ರಕಾರ ಆಂಧಿ ಬಂದಾಗ ಒಬ್ಬರು ಮಾತ್ರ ಹಗ್ಗ ಹಿಡಿಯಬಹುದು. ಅವರು ಮೇಜಿನಲ್ಲಿದ್ದವರೆಲ್ಲ ಒಟ್ಟಿಗೆ ಹಿಡಿಯುತ್ತಿದ್ದರು, ಆಮೇಲೆ ಪಾಲಿಗಾಗಿ ಗಲಾಟೆ.

ಮಗಳು ನನ್ನ ತೋಳು ಜಗ್ಗಿದಳು. "ಅಮ್ಮಾ, ಅವ್ರು ರೂಲ್ ತಪ್ಪು ಆಡ್ತಿದ್ದಾರೆ. ಬತಾ ದೂಂ, ಹೇಳಿಬಿಡ್ಲಾ?"

ಗುಂಪಿನಲ್ಲಿ ಒಬ್ಬಾಕೆ ನಗು ತಡೆಯಲಾಗದೆ ಕಾರ್ಡುಗಳನ್ನು ಮುಖಕ್ಕೆ ಹಿಡಿದಿದ್ದಳು.

"ಬೇಡ, ಬಿಡು. ಈಗ ಅದು ಅವರ ಆಟ."

ನಾವು ಕೋಲ್ಡ್ ಕಾಫಿ ಕುಡಿದು ಎದ್ದೆವು. ಮೆಟ್ರೊ ಕಡೆ ನಡೆಯುವಾಗ ನಾನು, ಎರಡನೇ ಮುದ್ರಣದ ಹಲಗೆಗಳನ್ನು ಮಳೆಗಾಲ ತಪ್ಪಿಸಿ ಏಪ್ರಿಲ್ಲಿನ ಒಣಹವೆಯಲ್ಲೇ ಅಂಟಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ.